ಕಾಪಿ, ಪೇಸ್ಟ್, ಅತ್ತಿಮಬ್ಬೆ

ಮನೆ ಬದಲಾಯಿಸುವವರಿಗೆ ಲಾರಿ ಬಾಡಿಗೆ ಎಂಬುದೊಂದು ವರ. ಅದರ ಭಯಕ್ಕಾದರೂ ತೂತುಬಿದ್ದ ಕೊಡಪಾನ, ಕಾಲು ಮುರಿದ ಕುರ್ಚಿ, ಯಾರೂ ಓದದ ಹಳೇ ಪತ್ರಿಕೆಗಳು ಗುಜರಿಗೆ ಹೋಗುತ್ತವೆ. ಕಂಪ್ಯೂಟರ್ ಬದಲಾಯಿಸುವವರಿಗೆ ಆ ಭಾಗ್ಯವಿಲ್ಲ. ಹೊಸದರಲ್ಲಿ ಬೇಕಾದಷ್ಟು ಜಾಗ. ಬಾಡಿಗೆ ಇಲ್ಲ, ಹಮಾಲಿ ಇಲ್ಲ. ಹಾಗಾಗಿ ಯಾವುದನ್ನೂ ಬಿಸಾಡದೆ ಹೊತ್ತು ತರುತ್ತೇವೆ. ನನ್ನ ಡಿ ಡ್ರೈವ್‌ನಲ್ಲಿ ‘ಹಳೇ ಕಂಪ್ಯೂಟರ್’ ಎಂಬ ಫೋಲ್ಡರ್ ಇದೆ. ತೆರೆದರೆ ಒಳಗೆ ‘ಓಲ್ಡ್ ಬ್ಯಾಕಪ್’. ಅದರೊಳಗೆ ‘ಫ್ಲಾಪಿ’. ಒಂದು ಫ್ಲಾಪಿಯಲ್ಲಿ ಹಿಡಿಸುತ್ತಿದ್ದದ್ದು 1.44 ಎಂಬಿ, ಈಗ ಫೋನಿನಲ್ಲಿ ತೆಗೆದ ಒಂದು ಹೋಳಿಗೆಯ ಫೋಟೊ ಕೂಡ ಅದರೊಳಗೆ ಹೋಗುವುದು ಕಷ್ಟ. ಆದರೂ ಒಂದು ರಜೆ ಅರ್ಜಿ, ನಾದಿನಿಯ ಮದುವೆ ಕರೆಯೋಲೆ, ಸಾಲದ ಕಂತಿನ ಲೆಕ್ಕ, ನನ್ನ ನಾಲ್ಕಾರು ಕವಿತೆಗಳು ಅಲ್ಲಿ ಅನ್ಯೋನ್ಯವಾಗಿ ಸಂಸಾರ ಮಾಡಿಕೊಂಡಿದ್ದವು.

ಹಳೆಯದು ಕೆಟ್ಟಿರಲಿಲ್ಲ. ಆದರೆ 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಮಾಮೂಲಿ ಬೆಂಬಲ ಮುಗಿಯಿತು; ವಿಂಡೋಸ್ 11 ಕೇಳುವ ಅರ್ಹತೆಗಳು ನಮ್ಮ ಯಂತ್ರದ ಪ್ರೊಸೆಸರಿಗೆ ಇರಲಿಲ್ಲ. “ಬ್ಯಾಂಕಿನ ಕೆಲಸವನ್ನೆಲ್ಲ ಇದರಲ್ಲೇ ಮಾಡ್ತೀಯ, ಹೊಸದು ತಗೋ ಅಪ್ಪಾ” ಎಂದಳು ಮಗಳು. ತಂದದ್ದಾಯಿತು. “ಎಲ್ಲಾ ಸೆಲೆಕ್ಟ್ ಮಾಡಿ ಕಾಪಿ ಒತ್ತಿ ಮಲಗು, ಬೆಳಿಗ್ಗೆ ಎದ್ದಾಗ ಬಂದಿರುತ್ತೆ” ಎಂದೂ ಅವಳೇ ಹೇಳಿಕೊಟ್ಟಳು.

ನಾನು ಮಲಗುವ ಜಾತಿಯವನಲ್ಲ. ಪರದೆಯ ಮೇಲಿನ ಹಸಿರು ಪಟ್ಟಿ ನೋಡುತ್ತಾ ಕೂತೆ. ಇನ್ನು ಹನ್ನೆರಡು ನಿಮಿಷ ಎನ್ನುತ್ತದೆ. ಕಾಫಿ ತರುವಷ್ಟರಲ್ಲಿ ಮೂರು ಗಂಟೆ ಎನ್ನುತ್ತದೆ. ಕಾಫಿ ಮುಗಿಯುವ ಹೊತ್ತಿಗೆ ಮತ್ತೆ ನಲವತ್ತು ನಿಮಿಷಕ್ಕೆ ಇಳಿದಿರುತ್ತದೆ. ಇದು ಹುಚ್ಚಾಟವಲ್ಲ, ಕಾರಣವಿದೆ. ಒಂದೇ ದೊಡ್ಡ ಸಿನಿಮಾ ಫೈಲು ಸರಾಗವಾಗಿ ಹರಿದುಬರುತ್ತದೆ. ಅಷ್ಟೇ ತೂಕದ ಸಾವಿರಾರು ಚಿಲ್ಲರೆ ಫೈಲುಗಳಾದರೆ ಒಂದೊಂದಕ್ಕೂ ಹೊಸ ಡಿಸ್ಕ್‌ನಲ್ಲಿ ಹೆಸರು, ಜಾಗ, ದಿನಾಂಕಗಳ ದಾಖಲೆ ಆಗಬೇಕು. ಮುಂದೆ ಎಂಥ ಫೈಲುಗಳು ಬರಲಿವೆ ಎಂಬುದನ್ನು ಲೆಕ್ಕಕ್ಕೆ ತಾರದೆ ಸದ್ಯದ ವೇಗವನ್ನೇ ನಂಬಿ ಗಡುವು ಹೇಳುವುದರಿಂದ ಅದರ ಮಾತು ಹೀಗೆ ಏರಿಳಿಯುತ್ತದೆ. ಪೆನ್‌ಡ್ರೈವ್‌ನದ್ದು ಇನ್ನೊಂದು ತಕರಾರು. ಅರವತ್ತನಾಲ್ಕು ಜಿಬಿ ಖಾಲಿ ಇದ್ದರೂ ಮದುವೆಯ ವಿಡಿಯೊ ಒಳಗೆ ಬಿಟ್ಟುಕೊಳ್ಳಲಿಲ್ಲ. ಫ್ಯಾಟ್32 ಎಂಬ ಹಳೇ ಪದ್ಧತಿಯಲ್ಲಿ ಫಾರ್ಮ್ಯಾಟ್ ಆದ ಡ್ರೈವ್‌ನಲ್ಲಿ ಒಂದೊಂದು ಫೈಲೂ 4 ಜಿಬಿ ಒಳಗಿರಬೇಕಂತೆ. ಧಾರೆ, ಸಪ್ತಪದಿ, ಊಟದ ಪಂಕ್ತಿ ಎಲ್ಲ ಸೇರಿದ ವಿಡಿಯೊ ಅಷ್ಟಕ್ಕೆಲ್ಲಿ ನಿಲ್ಲುತ್ತದೆ? ಡ್ರೈವ್ ಅನ್ನು ಎಕ್ಸ್‌ಫ್ಯಾಟ್‌ಗೆ ಬದಲಾಯಿಸಿದ ಮೇಲೆ ದಿಬ್ಬಣ ಹೊರಟಿತು.

ಬಂದಿಳಿದ ಫೈಲುಗಳ ಜಾತಕ ನೋಡುವುದೂ ಒಂದು ಮಜಾ. ವಿಂಡೋಸ್‌ನಲ್ಲಿ ಕಾಪಿಯಾದ ಫೈಲಿಗೆ ಸೃಷ್ಟಿಯಾದ ದಿನ ಇವತ್ತು. ಕೊನೆಗೆ ತಿದ್ದಿದ ದಿನ ಮಾತ್ರ ಹಳೆಯದೇ. 2006ರಲ್ಲಿ ತಿದ್ದಿಸಿಕೊಂಡ ಕವಿತೆ ಮೊನ್ನೆ ಹುಟ್ಟಿದೆ. ಹುಟ್ಟುವ ಮುಂಚೆಯೇ ತಿದ್ದಿಸಿಕೊಳ್ಳುವ ಈ ಅದೃಷ್ಟ ನನ್ನ ಉಳಿದ ಬರವಣಿಗೆಗೆ ಇಲ್ಲ.

ಸರಿ, ಆ ಕವಿತೆಯನ್ನು ತೆರೆದೆ. ಪರದೆಯ ತುಂಬ ಇಂಗ್ಲಿಷ್ ಅಕ್ಷರಗಳು. ಕೆಲವಕ್ಕೆ ನೆತ್ತಿಯ ಮೇಲೆ ಗೀರು, ಕೆಲವಕ್ಕೆ ಜೋಡಿ ಚುಕ್ಕಿ, ನಡುನಡುವೆ ಪೌಂಡ್ ಚಿಹ್ನೆ. ಅದೇ ದಿನ ಇಂಗ್ಲಿಷಿನಲ್ಲಿ ಟೈಪ್ ಮಾಡಿದ್ದ ರಜೆ ಅರ್ಜಿ ಮಾತ್ರ ಒಂದಕ್ಷರ ಕೆಡದೆ ಬಂದು ಕೂತಿತ್ತು!

ಕನ್ನಡದಲ್ಲಿ ಟೈಪ್ ಮಾಡಿದ ನನ್ನ ತಲೆಮಾರಿನವರೆಲ್ಲ ಕಂಡಿರುವ ನೋಟ ಇದು. ಯೂನಿಕೋಡ್‌ನ ಮೊದಲ ಆವೃತ್ತಿಯಲ್ಲೇ, 1991ರಲ್ಲಿ, ಕನ್ನಡಕ್ಕೆ ಜಾಗ ಸಿಕ್ಕಿತ್ತು. ಅದು ನಮ್ಮ ಮೇಜಿನವರೆಗೆ ಬರಲು ವರ್ಷಗಳೇ ಹಿಡಿದವು. ಅಲ್ಲಿಯವರೆಗೆ ನಮ್ಮ ಕೈ ಹಿಡಿದು ನಡೆಸಿದ್ದು ಕನ್ನಡ ಗಣಕ ಪರಿಷತ್ತಿನ ‘ನುಡಿ’, ಶೇಷಾದ್ರಿವಾಸು ಅವರ ‘ಬರಹ’ ಮುಂತಾದವು. ಆಗಿನ ಫಾಂಟುಗಳ ಉಪಾಯ ಸರಳ. ಇಂಗ್ಲಿಷ್ ಮತ್ತು ಯುರೋಪಿನ ಅಕ್ಷರಗಳಿಗೆ ಮೀಸಲಾದ ಸಂಖ್ಯೆಗಳ ಮೇಲೆ ಕನ್ನಡದ ತಲೆಕಟ್ಟು, ಕೊಂಬು, ಒತ್ತುಗಳ ಆಕಾರ ಬರೆದಿಟ್ಟರು. ಕಂಪ್ಯೂಟರಿಗೆ ಅದು ಕನ್ನಡ ಎಂಬುದೇ ಗೊತ್ತಿಲ್ಲ. ಫಾಂಟ್ ಇದ್ದರೆ ಕವಿತೆ; ಇಲ್ಲದಿದ್ದರೆ ಗೀರು, ಚುಕ್ಕಿ, ಪೌಂಡು.

ಫಾಂಟ್ ಹಾಕಿಕೊಂಡರೆ ಓದಬಹುದು. ಆದರೆ ಹುಡುಕಲು, ಫೋನಿಗೆ ಕಳಿಸಲು ಯೂನಿಕೋಡ್‌ಗೇ ತರಬೇಕು. ಅದಕ್ಕೆ ಪರಿವರ್ತಕ ತಂತ್ರಾಂಶಗಳಿವೆ. ಅವುಗಳ ಪಾಡು ಸುಲಭದ್ದಲ್ಲ. ಹಳೇ ಫಾಂಟಿನಲ್ಲಿ ಅರ್ಕಾವತ್ತು ಕಣ್ಣಿಗೆ ಕಾಣುವ ಕ್ರಮದಲ್ಲಿ ಅಕ್ಷರದ ಬೆನ್ನಿಗಿರುತ್ತದೆ. ಯೂನಿಕೋಡ್‌ನಲ್ಲಿ ಉಚ್ಚಾರದಂತೆ ‘ರ್’ ಮೊದಲು ಬರಬೇಕು. ಪ್ರತಿ ‘ಸೂರ್ಯ’ನನ್ನೂ ಎಬ್ಬಿಸಿ ಜಾಗ ಬದಲಾಯಿಸಿ ಕೂರಿಸಬೇಕು. ಜೊತೆಗೆ, ನಡುವೆ ಬಂದ ನಿಜವಾದ ಇಂಗ್ಲಿಷ್ ಪದಗಳನ್ನೂ ಕನ್ನಡವೆಂದೇ ತಿಳಿದು ಅವು ಪರಿವರ್ತಿಸಿಬಿಡುತ್ತವೆ. ನಮ್ಮ ಕಚೇರಿಯ ಶಾಖೆಯ ಹೆಸರು ಯಾವ ಭಾಷೆಯಲ್ಲೂ ಇಲ್ಲದ ಬೈಗುಳವಾಗಿ ಬಂದಿತ್ತು.

ಹೀಗಾಗಿ ಪರಿವರ್ತನೆಯಾದ ಪ್ರತಿ ಸಾಲನ್ನೂ ಕೂತು ಓದಬೇಕಾಯಿತು. ಅಮ್ಮ ಹೇಳುತ್ತಾ ಹೋದಂತೆ ನಾನು ಟೈಪ್ ಮಾಡಿದ್ದ ಹಸೆಹಾಡುಗಳ ಕಡತ ಇತ್ತು. ಕಂಪ್ಯೂಟರಿನಿಂದ ಕಂಪ್ಯೂಟರಿಗೆ ದಾಟುತ್ತಲೇ ಇದ್ದರೂ ಯಾವ ಸಲವೂ ನಾನು ತೆರೆದಿರಲಿಲ್ಲ. ಕಾಪಿ ಆಗುತ್ತಿತ್ತಲ್ಲ, ತೆರೆಯುವ ಅಗತ್ಯವೇನು? ಈಗ ಒತ್ತಕ್ಷರ ತಿದ್ದುವ ನೆಪದಲ್ಲಿ ಎಲ್ಲವನ್ನೂ ಓದಿದೆ. ಒಂದು ಕಡೆ ಅಮ್ಮ ಎರಡು ಬಗೆಯ ಪಾಠ ಹೇಳಿದ್ದಳು; ‘ಇದು ಅಜ್ಜಿ ಹೇಳುತ್ತಿದ್ದದ್ದು, ಇದು ದೊಡ್ಡಮ್ಮನದು’ ಎಂದು ನಾನೇ ಕೆಳಗೆ ಗುರುತು ಹಾಕಿದ್ದೆ.

ಆಗ ನೆನಪಾದವಳು ಅತ್ತಿಮಬ್ಬೆ. ಹತ್ತನೆಯ ಶತಮಾನದಲ್ಲಿ ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿ ಮಾಡಿಸಿ ಹಂಚಿದ ದಾನಚಿಂತಾಮಣಿ. ಸಾವಿರ ಎಂಬ ಸಂಖ್ಯೆಗೆ ನಾವು ಬೆರಗಾಗುತ್ತೇವೆ. ನನಗೆ ಈಗ ಕಾಣುವುದು ಬೇರೆ: ಓಲೆಗರಿಯ ಮೇಲೆ ಲೋಹದ ಕಂಟದಿಂದ ಕೊರೆಯುವವನು ಓದದೆ ಕೊರೆಯಲಾರ. ಸಾವಿರ ಪ್ರತಿ ಆಗಿದೆ ಎಂದರೆ ಆ ಕಾವ್ಯದ ಒಂದೊಂದು ಅಕ್ಷರವೂ ಸಾವಿರ ಸಲ ಮನುಷ್ಯರ ಕಣ್ಣಿಗೆ ಬಿದ್ದಿದೆ. ಅವರು ತಪ್ಪನ್ನೂ ಬರೆದಾರು, ಬೆನ್ನು ಕುತ್ತಿಗೆ ನೋವೆಂದು ಕೊನೆಯಲ್ಲಿ ಗೊಣಗಿಯಾರು, ಓದಿದ್ದಂತೂ ಸುಳ್ಳಲ್ಲ. ನಮ್ಮ ಕಾಪಿಯಲ್ಲಿ ತಪ್ಪಿಲ್ಲ, ಬೆನ್ನುನೋವಿಲ್ಲ, ಓದುಗನೂ ಇಲ್ಲ. ಬಂದು ಬಿದ್ದದ್ದೆಲ್ಲ ದಾಟಿ ಬಂದದ್ದಲ್ಲ. ತೆರೆದು ಓದಿದ್ದಷ್ಟೇ ದಾಟಿದೆ.

ಇದರ ತಮಾಷೆಯ ಇನ್ನೊಂದು ಮಗ್ಗುಲೂ ಇದೆ. ಹಾರ್ಡ್‌ಡಿಸ್ಕ್‌ನಲ್ಲಿ ಡಿಲೀಟ್ ಒತ್ತಿದರೆ ಅಳಿಯುವುದು ಫೈಲಿನ ಲೆಕ್ಕ ಮಾತ್ರ. ಮೇಲೆ ಬೇರೇನಾದರೂ ಬರೆಯುವವರೆಗೂ ಒಳಗಿನ ಸರಕು ಅಲ್ಲೇ ಇದ್ದು, ಬಲ್ಲವರ ಕೈಗೆ ಸಿಗುತ್ತದೆ. ಅಂದರೆ ಅಳಿಸಿದ ಆಧಾರ್ ಸ್ಕ್ಯಾನನ್ನು ಬಲ್ಲವರು ಯಾರು ಬೇಕಾದರೂ ಓದಬಹುದು. ಜೋಪಾನವಾಗಿಟ್ಟ ಕವಿತೆಯನ್ನು ಬರೆದವನೇ ಓದಲಾರ.

ಮೊನ್ನೆ ಹೆಂಡತಿ ಕೇಳಿದಳು: “ಏನ್ರೀ, ಹೊಸದು ಬಂದಾಯ್ತಲ್ಲ, ಆ ಹಳೇದನ್ನ ಎಸ್‌.ಪಿ. ರೋಡಿನ ಗುಜರಿಗೆ ಯಾವಾಗ ಸಾಗಹಾಕ್ತೀರಿ?”

“ನುಡಿ ಫೈಲೆಲ್ಲ ಓದಿ ತಿದ್ದಿ ಮುಗಿಸಿದ ಮೇಲೆ.”

“ನಿಮ್ಮ ಕವಿತೆಗಳನ್ನೂ ಸೇರಿಸಿಯಾ?”

“ಹೌದು.”

“ಹಾಗಾದ್ರೆ ಅದಕ್ಕೊಂದು ಕವರ್ ಹೊಲಿಸಿಬಿಡ್ತೀನಿ, ಧೂಳು ಕೂರುತ್ತೆ” ಎಂದು ಅಳತೆ ಪಟ್ಟಿ ಹುಡುಕಲು ಎದ್ದಳು.