ಬೆಚ್ಚಗಿದ್ದ ನೆಲ

ಕಳೆದ ಚಳಿಗಾಲದಲ್ಲಿ ಅಮ್ಮ ಬೆಳಗಿನ ಜಾವ ಎದ್ದು ಅಡುಗೆಮನೆಗೆ ಹೋಗುವ ಮೊದಲು ನಡುಮನೆಯ ಮೂಲೆಯಲ್ಲಿ ಒಂದು ಗಳಿಗೆ ನಿಲ್ಲುತ್ತಿದ್ದರು. ‘ಇಲ್ಲಿ ನೆಲ ಬೆಚ್ಚಗಿದೆ ಕಣೋ, ಕಾಲಿಗೆ ಹಿತವಾಗುತ್ತೆ’ ಎಂದು ಎರಡು ಮೂರು ಸಲ ಹೇಳಿದ್ದರು. ನಾನು ಹೂಂ ಎಂದು ಸುಮ್ಮನಾಗಿದ್ದೆ. ಆಮೇಲೆ ಅದೇ ಮೂಲೆಯಲ್ಲಿ, ಗೋಡೆಯ ಬುಡಕ್ಕೆ ಬಿಳಿ ಪುಡಿ ಕಾಣಿಸಿತು. ರಂಗೋಲಿ ಚೆಲ್ಲಿರಬೇಕೆಂದು ಅಮ್ಮ ಒರೆಸಿದರು. ಮಾರನೆಯ ದಿನ ಮತ್ತೆ ಬಂತು. ನೆಲದಡಿಯ ನೀರು ಸಿಮೆಂಟು, ಇಟ್ಟಿಗೆಯೊಳಗಿನ ಉಪ್ಪನ್ನು ಕರಗಿಸಿಕೊಂಡು ಮೇಲೆ ಬಂದು, ತಾನು ಆರಿ ಉಪ್ಪನ್ನಷ್ಟೇ ಬಿಟ್ಟು ಹೋಗುತ್ತಿತ್ತು.

ಮೈಸೂರಿನ ಈ ಮನೆಗೆ ಅಪ್ಪ ಹಾಕಿಸಿದ್ದು ರೆಡ್ ಆಕ್ಸೈಡ್ ನೆಲ. ಸಿಮೆಂಟಿಗೆ ಕೆಂಪು ಪುಡಿ ಬೆರೆಸಿ, ಗಾರೆಯವರು ಮಂಡಿಯೂರಿ ಕೂತು, ಹದ ತಪ್ಪುವ ಮೊದಲೇ ಕರಣೆಯಲ್ಲಿ ತಿಕ್ಕಿ ತಿಕ್ಕಿ ನಯ ಮಾಡುತ್ತಿದ್ದ ನೆಲ ಅದು. ಆಮೇಲೆ ದಿನಗಟ್ಟಲೆ ನೀರು ನಿಲ್ಲಿಸಿ ಗಟ್ಟಿ ಮಾಡಬೇಕು. ಹೊಳಪು ಬರುವುದು ಮಾತ್ರ ವರ್ಷಗಳ ಮೇಲೆ, ಒರೆಸಿ ಒರೆಸಿ, ನಡೆದು ನಡೆದು. ಬೇಸಿಗೆಯ ಮಧ್ಯಾಹ್ನ ಬರಿಮೈಯಲ್ಲಿ ಅದರ ಮೇಲೆ ಮಲಗಿ ಬೆಳೆದವನು ನಾನು.

ಈ ನೆಲದಡಿ ಸೋರುತ್ತಿರುವುದು ಯಾವ ನೀರಿನ ಲೈನು ಎಂದು ತಿಳಿಯಬೇಕಿತ್ತು. ರಾತ್ರಿ ಮೋಟಾರು ಹಾಕದೆ, ನಲ್ಲಿಗಳನ್ನೆಲ್ಲ ಬಿಗಿ ಮಾಡಿ, ಮೇಲಿನ ಟ್ಯಾಂಕಿಗೆ ಕೋಲು ಇಳಿಸಿ ನೀರಿನ ಮಟ್ಟಕ್ಕೆ ಗುರುತು ಹಾಕಿದೆ. ಬೆಳಗ್ಗೆ ನಾಲ್ಕು ಬೆರಳು ಇಳಿದಿತ್ತು. ಮರುರಾತ್ರಿ ಸೋಲಾರ್‌ನ ಬಿಸಿನೀರಿನ ವಾಲ್ವ್ ಕೂಡ ತಿರುಗಿಸಿಟ್ಟೆ. ನೀರು ಕದಲಲಿಲ್ಲ. ಸೋಲಾರ್ ಹಾಕಿಸಿದಾಗ ನೆಲ ಸೀಳಿ ಹೂತಿದ್ದ ಜಿಐ ಪೈಪಿನ ಎಲ್ಬೋ ತುಕ್ಕು ಹಿಡಿದು ತೂತಾಗಿತ್ತು. ಅಮ್ಮನ ಕಾಲಿಗೆ ತಾಗುತ್ತಿದ್ದ ಬಿಸಿ ಅದೇ.

ಮೇಸ್ತ್ರಿ ಸುತ್ತಿಗೆಯ ಹಿಡಿಯಿಂದ ನೆಲ ತಟ್ಟುತ್ತಾ ಹೋದರು. ಅರ್ಧ ನಡುಮನೆ ಟೊಳ್ಳು ಸದ್ದು. ಅಡಿಯ ಮಣ್ಣು ಕುಸಿದಿತ್ತು. ‘ಮೇಲೇ ಟೈಲ್ಸ್ ಕೂರಿಸಿಬಿಡಿ, ಎರಡು ದಿನದ ಕೆಲಸ’ ಎಂದವರು ಹಲವರು. ಅದು ತಪ್ಪು ಸಲಹೆ. ಟೊಳ್ಳು ನೆಲದ ಮೇಲೆ ಕೂರಿಸಿದ ಟೈಲ್ಸ್ ಭಾರ ಬಿದ್ದ ಕಡೆ ಸೀಳುತ್ತದೆ. ಒಳಗಿನ ತೇವಕ್ಕೆ ಹೊರಬರಲು ದಾರಿಯಿಲ್ಲದಿದ್ದರೆ ಅದು ಗೋಡೆ ಹತ್ತುತ್ತದೆ.

ಅಗೆದರು. ಮೊದಲ ಏಟು ಬಿದ್ದಾಗ ಅಮ್ಮ ಹಿತ್ತಲಿಗೆ ಹೋಗಿ ನಿಂತರು. ಅಂಗೈಯಗಲದ ಒಂದು ಚೂರು ನನ್ನ ಕೈಗೆ ಬಂತು. ಮೇಲೆ ಕಡುಗೆಂಪು, ಕನ್ನಡಿಯ ಹೊಳಪು; ಆ ಬಣ್ಣದ ಪದರ ನನ್ನ ಉಗುರಿನಷ್ಟೂ ದಪ್ಪವಿರಲಿಲ್ಲ. ಅದರಡಿ ಬೂದು ಗಾರೆ, ಹಿಂಡಿದರೆ ನೀರು ಬರುವಷ್ಟು ನೆಂದಿತ್ತು.

ಹೊಸ ಪೈಪು ಸಿಪಿವಿಸಿ. ಬಿಸಿನೀರು ತಡೆಯುತ್ತದೆ, ತುಕ್ಕಿನ ಮಾತಿಲ್ಲ. ಈ ಸಲ ಅದನ್ನು ನೆಲದಲ್ಲಿ ಹೂಳದೆ ಗೋಡೆಯ ಹೊರಗೇ ಓಡಿಸಿದೆವು. ಮಣ್ಣು ತುಂಬಿ, ದಮ್ಮಸ್ಸು ಹಾಕಿ, ಕಾಂಕ್ರೀಟು ಹಾಸಿ, ಮೂರು ವಾರ ಕಾದೆವು. ಒಂದು ಸಂಜೆ ಪ್ಲಾಸ್ಟಿಕ್ ಹಾಳೆ ಹಾಸಿ, ನಾಲ್ಕೂ ಅಂಚಿಗೆ ಟೇಪು ಅಂಟಿಸಿ, ಬೆಳಗ್ಗೆ ಎತ್ತಿದರೆ ಒಳಮೈಯಲ್ಲಿ ಬೆವರ ಹನಿ. ಮತ್ತೊಂದು ವಾರ ಕಾದೆವು.

ಕೆಂಪು ನೆಲವನ್ನೇ ಮತ್ತೆ ಮಾಡಿಸುವ ಆಸೆಯಿತ್ತು. ಆ ಕೈ ಪಳಗಿದ ಗಾರೆಯವರು ನಮಗೆ ಸಿಗಲಿಲ್ಲ. ಕೊನೆಗೆ ವಿಟ್ರಿಫೈಡ್ ಟೈಲ್ಸ್, ಎರಡಡಿ ಚೌಕ, ಅಮ್ಮ ಜಾರಬಾರದೆಂದು ಹೊಳಪಿಲ್ಲದ್ದು. ಬೆಂಕಿಯಲ್ಲಿ ಗಾಜಿನಂತೆ ಬಿಗಿದುಕೊಂಡ ಮೈ, ಶೇ 0.5ಕ್ಕಿಂತ ಹೆಚ್ಚು ನೀರು ಕುಡಿಯುವುದಿಲ್ಲ. ಆದ್ದರಿಂದಲೇ ಬರೀ ಸಿಮೆಂಟ್ ಹಾಲು ಅದನ್ನು ಗಟ್ಟಿಯಾಗಿ ಹಿಡಿಯದು. ಹಲ್ಲಿರುವ ಕರಣೆಯಿಂದ ಅಂಟು ಗೀರಿ ಎಳೆದು, ರಬ್ಬರ್ ಸುತ್ತಿಗೆಯಿಂದ ತಟ್ಟಿ ಕೂರಿಸಿದರು. ಗೆರೆ ನೇರವಾಗಿ ಬಂತು. ಕೆಲಸ ಚೆನ್ನಾಗಿದೆ, ಅದರಲ್ಲಿ ಎರಡು ಮಾತಿಲ್ಲ. ದೇವರಮನೆಯವರೆಗೆ ನೀರು ಹೋಗಿರಲಿಲ್ಲ. ಅಲ್ಲಿಯ ಕೆಂಪು ನೆಲ ಹಾಗೇ ಉಳಿಯಿತು.

ಅಮ್ಮ ಈಗಲೂ ನಸುಕಿನಲ್ಲಿ ಆ ಮೂಲೆಗೆ ಹೋಗಿ ಕಾಲೂರುತ್ತಾರೆ. ‘ತಣ್ಣಗಿದೆ ಕಣೋ’ ಎಂದು ನನ್ನ ಕೋಣೆಯ ಕಡೆಗೆ ಹೇಳುತ್ತಾರೆ. ನಾನೂ ಎದ್ದು ಬಂದು ಪಕ್ಕದಲ್ಲಿ ಕಾಲಿಟ್ಟು ನೋಡುತ್ತೇನೆ.