ಒಂದು ಕೀ, ಒಂದೇ ಉತ್ತರ

ಪೈಥಾನ್ ಡಿಕ್ಷನರಿಯಲ್ಲಿ ಕೀ ಕೊಟ್ಟರೆ ವ್ಯಾಲ್ಯೂ ಸಿಗುತ್ತೆ. ಪಟ್ಟಿಯನ್ನು ಮೊದಲಿನಿಂದ ಹುಡುಕುತ್ತಾ ಕೂರಲ್ಲ. ಕೀಯಿಂದಲೇ ಹ್ಯಾಶ್ ಲೆಕ್ಕ ಹಾಕಿ ಜಾಗ ಕಂಡುಕೊಳ್ಳುತ್ತೆ. ಇಷ್ಟನ್ನು ಯಾವ ಟ್ಯುಟೋರಿಯಲ್ ಆದ್ರೂ ಹೇಳುತ್ತೆ. ಕೀ ಯಾವುದಾಗಿರಬೇಕು ಅನ್ನೋದನ್ನು ಮಾತ್ರ ನಾವೇ ಯೋಚಿಸಬೇಕು.

ತಂಗಿಗೆ ಇದನ್ನು ಕಲಿಸುವಾಗ ಮನೆಯವರ ಬ್ಲಡ್ ಗ್ರೂಪನ್ನೇ ತಗೊಂಡೆ. ರಾತ್ರಿ ಹೊತ್ತು ರಕ್ತ ಬೇಕಾದರೆ ಯಾರಿಗೆ ಫೋನ್ ಮಾಡೋದು ಅಂತ ತಕ್ಷಣ ಗೊತ್ತಾಗಬೇಕಲ್ಲ. ಹೆಸರನ್ನೇ ಕೀ ಮಾಡೋಣ ಅಂದಳು. ಆದರೆ ನಮ್ಮಲ್ಲಿ ತಾತನ ಹೆಸರು ಇಬ್ಬರು ಮೊಮ್ಮಕ್ಕಳಿಗಿದೆ. ದೊಡ್ಡಪ್ಪನ ಮಗ ಓ ನೆಗೆಟಿವ್, ಚಿಕ್ಕಪ್ಪನ ಮಗ ಬಿ ಪಾಸಿಟಿವ್. ಒಂದೇ ಕೀಯನ್ನು ಎರಡು ಸಲ ಬರೆದರೆ ಪೈಥಾನ್ ತಕರಾರು ಮಾಡಲ್ಲ. ಕೊನೆಯದನ್ನು ಇಟ್ಟುಕೊಂಡು ಮೊದಲಿನದನ್ನು ಸದ್ದಿಲ್ಲದೆ ಬಿಟ್ಟುಬಿಡುತ್ತೆ.

“ಹಾಗಾದ್ರೆ ಒಬ್ಬ ಅಣ್ಣ ಮಾಯಾನಾ?”

ಹೌದು, ಅದೂ ಸುಲಭಕ್ಕೆ ಸಿಗದ ಓ ನೆಗೆಟಿವ್! ಹಾಗಾಗಿ ಮೊಬೈಲ್ ನಂಬರ್ ಕೀ ಆಯ್ತು; ಹೆಸರು, ಗ್ರೂಪ್ ಎರಡೂ ವ್ಯಾಲ್ಯೂ ಒಳಗೆ ಹೋದವು.

ಇನ್ನು, ಇಲ್ಲದ ಕೀ ಕೇಳಿದರೆ? ಚೌಕ ಬ್ರಾಕೆಟ್ಟಿನಲ್ಲಿ ಕೇಳಿದರೆ ‘ಕೀ ಎರರ್’ ಬಂದು ಪ್ರೋಗ್ರಾಂ ನಿಲ್ಲುತ್ತೆ. ‘ಗೆಟ್’ ಬಳಸಿದರೆ ನಿಲ್ಲಲ್ಲ, ನಾವು ಮೊದಲೇ ಹೇಳಿಟ್ಟ ಉತ್ತರ ಕೊಡುತ್ತೆ. “ಓ ಪಾಸಿಟಿವ್ ಅಂತ ಇಡೋಣ, ಜಾಸ್ತಿ ಜನರದ್ದು ಅದೇ ಅಲ್ವಾ?” ಅಂದಳು ತಂಗಿ. ಅಂಗಡಿ ಸ್ಟಾಕಿನಲ್ಲಿ ಇಲ್ಲದ ವಸ್ತುವಿಗೆ ಸೊನ್ನೆ ಅಂದರೆ ನಡೆಯುತ್ತೆ. ಇಲ್ಲಿ ಊಹೆಯೇ ಉತ್ತರದ ವೇಷ ಹಾಕಿಕೊಂಡು ಬರುತ್ತೆ, ನೋಡಿದವರಿಗೆ ವ್ಯತ್ಯಾಸ ತಿಳಿಯಲ್ಲ. ‘ಗೊತ್ತಿಲ್ಲ’ ಅಂತಲೇ ಬರೆದ್ವಿ.

ನಿಮ್ಮ ಮುಂದಿನ ಡಿಕ್ಷನರಿಗೂ ಮೊದಲು ಈ ಎರಡು ಪ್ರಶ್ನೆ ಕೇಳಿಕೊಳ್ಳಿ: ಈ ಕೀ ಇಬ್ಬರಿಗೆ ಇರಬಹುದಾ? ಯಾರಿಗೂ ಇಲ್ಲದಿದ್ದರೆ ಏನು ಹೇಳಬೇಕು?