ಹಳದಿ ಮಾರ್ಗದ ಕೊನೆಯ ಊರು

ಬೆಂಗಳೂರಿನಿಂದ ಹೊಸೂರಿನ ಕಡೆಗೆ ಹೋಗುವವರೆಲ್ಲ ಬೊಮ್ಮಸಂದ್ರವನ್ನು ಹಾದೇ ಹೋಗುತ್ತಾರೆ. ಅಲ್ಲಿ ಇಳಿಯುವವರು ಕಾರ್ಖಾನೆಯ ಕೆಲಸಕ್ಕೆ ಬಂದವರು, ಇಲ್ಲವೇ ಆಸ್ಪತ್ರೆಗೆ ರೋಗಿಯನ್ನು ಕರೆತಂದವರು. ಊರು ನೋಡಲೆಂದೇ ಯಾರೂ ಇಳಿಯುವುದಿಲ್ಲ. ನಾನು ಇಳಿದದ್ದು ಅದಕ್ಕೇ. ಔಷಧಿಯಿಂದ ಹಿಡಿದು ಕಾರಿನ ಬಿಡಿಭಾಗದವರೆಗೆ ಏನೆಲ್ಲ ತಯಾರಿಸುವ ಈ ಊರನ್ನು ಆಳುವವರು ಯಾರು, ಇಲ್ಲಿನ ಬೀದಿದೀಪ, ಚರಂಡಿ, ಕೆರೆ ಯಾರ ಸುಪರ್ದಿಗೆ ಸೇರಿದ್ದು ಎಂಬ ಪ್ರಶ್ನೆ ಬಹಳ ದಿನದಿಂದ ತಲೆಯಲ್ಲಿತ್ತು.

ಆರ್.ವಿ. ರಸ್ತೆಯಲ್ಲಿ ಹಳದಿ ಮಾರ್ಗದ ಮೆಟ್ರೊ ಹತ್ತಿದೆ. 2025ರ ಆಗಸ್ಟ್ 10ರಂದು ಉದ್ಘಾಟನೆಯಾದ ಈ ಮಾರ್ಗ 19.15 ಕಿಲೋಮೀಟರ್ ಉದ್ದ, 16 ನಿಲ್ದಾಣ. ಶುರುವಿನಲ್ಲಿ ಮೂರೇ ರೈಲುಗಳಿದ್ದವು; ಒಂದು ತಪ್ಪಿದರೆ ಇಪ್ಪತ್ತೈದು ನಿಮಿಷ ಕಾಯಬೇಕಿತ್ತು. ರಾಗಿಗುಡ್ಡ ದಾಟಿದ ಮೇಲೆ ಸಿಲ್ಕ್ ಬೋರ್ಡ್‌ವರೆಗೆ ರೈಲು ಡಬಲ್ ಡೆಕ್ಕರ್ ಸೇತುವೆಯ ಮೇಲಿನ ಅಂತಸ್ತಿನಲ್ಲಿ ಓಡುತ್ತದೆ. ಕೆಳಗಿನ ಅಂತಸ್ತಿನಲ್ಲಿ ಕಾರು, ಅದರ ಕೆಳಗೆ ಹಳೆಯ ರಸ್ತೆ. ಪಕ್ಕದಲ್ಲಿ ಕುಳಿತ ಹುಡುಗಿ ಕೊರಳಿನ ಗುರುತಿನ ಚೀಟಿಯನ್ನು ಅಂಗೈಯಲ್ಲಿ ಹಿಡಿದುಕೊಂಡೇ ತೂಕಡಿಸುತ್ತಿದ್ದಳು. ಸಿಲ್ಕ್ ಬೋರ್ಡ್ ಬಂದಾಗ ಕಣ್ಣು ಬಿಟ್ಟು, "ಮುಂಚೆ ಇಷ್ಟು ದೂರ ಬರೋಕೇ ಬಸ್ಸಲ್ಲಿ ಜೀವ ಹೋಗ್ತಿತ್ತು ಸರ್, ಈಗ ಒಂದು ನಿದ್ದೆ ಆಗುತ್ತೆ" ಎಂದಳು. ಮೆಟ್ರೊ ತಂದ ಲಾಭಗಳ ಲೆಕ್ಕದಲ್ಲಿ ಈ ನಿದ್ದೆಯೂ ಸೇರಬೇಕು.

ಬೊಮ್ಮನಹಳ್ಳಿ, ಹೊಂಗಸಂದ್ರ ಕಳೆಯುವಾಗ ಬಲಗಡೆ ಎಲ್ಲೋ ಕಟ್ಟಡಗಳ ಹಿಂದೆ ಬೇಗೂರು ಇದೆ. ಕ್ರಿ.ಶ. 890ರ ಸುಮಾರಿನ ಗಂಗರ ಕಾಲದ ವೀರಗಲ್ಲೊಂದು ಅಲ್ಲಿನ ದೇವಸ್ಥಾನದಲ್ಲಿದೆ. ಬೆಂಗಳೂರಿನ ಹೆಸರು ಮೊದಲು ಕಾಣಿಸುವುದು ಅದರಲ್ಲೇ, ಅದೂ ಒಂದು ಕಾಳಗದ ಸಂದರ್ಭದಲ್ಲಿ. ಈ ಭಾಗಕ್ಕೆ ಚರಿತ್ರೆಯಿಲ್ಲ, ಐಟಿ ಬಂದ ಮೇಲೆ ಹುಟ್ಟಿದ ಊರುಗಳು ಎಂದುಕೊಂಡವರು ಬೇಗೂರಿಗೆ ಒಮ್ಮೆ ಹೋಗಿ ಬರಬೇಕು. ತಾಲ್ಲೂಕು ಕೇಂದ್ರ ಆನೇಕಲ್ಲಿನದೂ ಹಳೆಯ ಕಥೆಯೇ. 17ನೇ ಶತಮಾನದ ಆರಂಭದಲ್ಲಿ ಸುಗಟೂರು ಮನೆತನದ ತಮ್ಮೇಗೌಡ ಅಲ್ಲಿ ಕೋಟೆ ಕಟ್ಟಿದ, ಕೆರೆ ಕಟ್ಟಿಸಿದ. 1799ರಲ್ಲಿ ಟಿಪ್ಪು ಮಡಿದ ಮೇಲೆ ಸೀಮೆ ಹಂಚಿಕೆಯಾಗಿ ಹೊಸೂರು ಈಸ್ಟ್ ಇಂಡಿಯಾ ಕಂಪನಿಯ ಮದ್ರಾಸಿನ ಪಾಲಾಯಿತು, ಆನೇಕಲ್ ಮೈಸೂರಿಗೆ ಉಳಿಯಿತು. ಬೊಮ್ಮಸಂದ್ರದಾಚೆ ಅತ್ತಿಬೆಲೆಯಲ್ಲಿ ರಾಜ್ಯದ ಗಡಿ ಬರಲು ಕಾರಣ ಆ ಹಂಚಿಕೆ. ಗೆರೆಯ ಆಚೆಗೂ ಕನ್ನಡ, ತೆಲುಗು ಮನೆಮಾತಿನ ಹಳ್ಳಿಗಳು ಇಂದಿಗೂ ಇವೆ.

ಎಲೆಕ್ಟ್ರಾನಿಕ್ ಸಿಟಿಯಲ್ಲಿ ಅರ್ಧ ರೈಲು ಖಾಲಿಯಾಯಿತು. 1970ರ ದಶಕದ ಕೊನೆಯಲ್ಲಿ ರಾಜ್ಯ ಸರ್ಕಾರದ ಕಿಯೋನಿಕ್ಸ್ ಸಂಸ್ಥೆಯ ಮುಖ್ಯಸ್ಥರಾಗಿದ್ದ ಆರ್.ಕೆ. ಬಾಳಿಗರು ಕೋನಪ್ಪನ ಅಗ್ರಹಾರ ಮತ್ತು ದೊಡ್ಡತೋಗೂರಿನ ಮುನ್ನೂರಕ್ಕೂ ಹೆಚ್ಚು ಎಕರೆಯಲ್ಲಿ ಇದನ್ನು ಕಟ್ಟಲು ಹೊರಟಾಗ ನಂಬಿದವರು ಕಡಿಮೆ. ಈಗ ಅದರ ಆಡಳಿತವೇ ಬೇರೆ. ಸಂವಿಧಾನದ 243ಕ್ಯೂ ವಿಧಿಯಲ್ಲಿ ಒಂದು ವಿನಾಯಿತಿ ಇದೆ: ಕೈಗಾರಿಕಾ ಸಂಸ್ಥೆಯೊಂದು ತನ್ನ ಪ್ರದೇಶಕ್ಕೆ ಪೌರ ಸೌಲಭ್ಯ ಒದಗಿಸುತ್ತಿದ್ದರೆ ರಾಜ್ಯಪಾಲರು ಅದನ್ನು ಕೈಗಾರಿಕಾ ಟೌನ್‌ಶಿಪ್ ಎಂದು ಘೋಷಿಸಬಹುದು, ಅಲ್ಲಿ ಪುರಸಭೆ ಬೇಕಿಲ್ಲ. ಆ ದಾರಿಯಲ್ಲಿ 2013ರಲ್ಲಿ ಬಂದ ಟೌನ್‌ಶಿಪ್ ಪ್ರಾಧಿಕಾರವೇ ಎಲ್‌ಸಿಟಾ. ಕಂಪನಿಗಳು ಕಟ್ಟುವ ಆಸ್ತಿ ತೆರಿಗೆಯ ದೊಡ್ಡ ಪಾಲು ಅಲ್ಲೇ ಉಳಿದು ರಸ್ತೆ, ದೀಪ, ಕ್ಯಾಮೆರಾ ಆಗುತ್ತದೆ. ಅಲ್ಲಿನ ಫುಟ್‌ಪಾತ್ ಚೆನ್ನಾಗಿದೆ, ಒಪ್ಪುತ್ತೇನೆ. ಆದರೆ ಕಾಂಪೌಂಡಿನಾಚೆಯ ಹಳ್ಳಿಯಲ್ಲಿ ಮನೆ ಮಾಡಿಕೊಂಡು ಒಳಗೆ ಗುಡಿಸಿ, ಕಾವಲು ಕಾಯುವವರಿಗೆ ಆ ಆಡಳಿತದಲ್ಲಿ ಮತವಿಲ್ಲ.

ಹುಸ್ಕೂರು ರಸ್ತೆ ನಿಲ್ದಾಣ. ಇಲ್ಲಿಂದ ಒಳಗೆ ಹೋದರೆ ಮದ್ದೂರಮ್ಮನ ಗುಡಿ. ಜಾತ್ರೆಯಲ್ಲಿ ಸುತ್ತಲ ಹಳ್ಳಿಗಳವರು ನೂರಡಿ ಮೀರಿದ ತೇರುಗಳನ್ನು ಎತ್ತುಗಳಿಂದ, ಈಚೆಗೆ ಟ್ರ್ಯಾಕ್ಟರುಗಳಿಂದಲೂ, ಎಳೆದು ತರುತ್ತಾರೆ. ಕರೆಂಟ್ ತಂತಿ ಇಳಿಸಿ, ಗದ್ದೆಯ ಮೇಲೆ ದಾರಿ ಮಾಡಿ, ತಮ್ಮೂರ ತೇರು ಪಕ್ಕದೂರಿನದಕ್ಕಿಂತ ಒಂದು ಅಂತಸ್ತಾದರೂ ಎತ್ತರ ಇರಲೆಂದು ಹಠ ಹಿಡಿದು ಕಟ್ಟುತ್ತಾರೆ. 2024ರಲ್ಲಿ ಒಂದು ತೇರು ಬಿತ್ತು. 2025ರ ಮಾರ್ಚಿನಲ್ಲಿ ಮಳೆಗಾಳಿಗೆ ಮತ್ತೆ ತೇರು ಬಿದ್ದು ಜೀವ ಹೋಯಿತು. ಎತ್ತರಕ್ಕೆ ಒಂದು ಮಿತಿ ಹಾಕಿಕೊಂಡರೆ ದೇವಿಯ ಮಹಿಮೆಗೇನೂ ಕಡಿಮೆಯಾಗದು.

ಹೆಬ್ಬಗೋಡಿ ಆದ ಮೇಲೆ ಬೊಮ್ಮಸಂದ್ರ. ಅಲ್ಲಿಗೆ ಹಳಿ ಮುಗಿಯುತ್ತದೆ. ಕೆಳಗೆ ರಾಷ್ಟ್ರೀಯ ಹೆದ್ದಾರಿ 44, ಅದರ ಮೇಲೆ ಹೊಸೂರಿಗೆ ಹೋಗುವ ಬಸ್ಸು, ಗುಲಾಬಿ ಹೊತ್ತ ಟೆಂಪೊ, ಕಂಟೇನರ್ ಲಾರಿ. ಸರ್ವಿಸ್ ರಸ್ತೆಯಿಂದ ಕೈಗಾರಿಕಾ ಪ್ರದೇಶಕ್ಕೆ ತಿರುಗಿದೆ. ಜನರಲ್ ಶಿಫ್ಟಿನ ಹೊತ್ತು. ಒಂದು ಗೇಟಿನೆದುರು ತಳ್ಳುಗಾಡಿಯಲ್ಲಿ ಹೆಂಗಸೊಬ್ಬರು ಚಿತ್ರಾನ್ನ ಬಡಿಸುತ್ತಿದ್ದರು. ತಟ್ಟೆಗೆ ಪ್ಲಾಸ್ಟಿಕ್ ಹಾಳೆ ಹಾಸಿ, ಅನ್ನ ಹಾಕಿ, ಮೇಲೆ ಒಂದು ಚಮಚ ಚಟ್ನಿ; ಒಂದು ತಟ್ಟೆಗೆ ನಾಲ್ಕು ಸೆಕೆಂಡು. ಸಮವಸ್ತ್ರದ ಹುಡುಗರು ನಿಂತೇ ತಿಂದು ಹಾಳೆ ಸುತ್ತಿ ಡಬ್ಬಕ್ಕೆ ಎಸೆದು ಓಡುತ್ತಿದ್ದರು. ಆಕೆ ಒಬ್ಬನಿಗೆ ಕನ್ನಡದಲ್ಲಿ, ಒಬ್ಬನಿಗೆ ಹಿಂದಿಯಲ್ಲಿ, ಮುಂದಿನವನಿಗೆ ತಮಿಳಿನಲ್ಲಿ ಚಿಲ್ಲರೆ ಕೇಳುತ್ತಿದ್ದರು. ಊರು ಯಾವುದಮ್ಮ ಎಂದೆ. "ರಾಯಚೂರ ಕಡೀದು ರೀ. ಇಲ್ಲಿ ಶೆಡ್ಡಿನಾಗ ಬಾಡಗಿ ಅದೀವಿ" ಎಂದರು. ಮತದಾರರ ಪಟ್ಟಿಯಲ್ಲಿ ಹೆಸರು? "ಅದು ಊರಾಗೈತ್ರಿ."

ಊರೊಳಗೆ ಹೋದಾಗ ಅರಳಿಕಟ್ಟೆಯ ಮೇಲೆ ಕುಳಿತಿದ್ದ ಹಿರಿಯರೊಬ್ಬರು ಪಕ್ಕ ಸರಿದು ಜಾಗ ಕೊಟ್ಟರು. ಇಲ್ಲೆಲ್ಲ ಮುಂಚೆ ಏನು ಬೆಳೆಯುತ್ತಿದ್ದಿರಿ ಎಂದು ಕೇಳಿದೆ. "ರಾಗಿ, ಅವರೆ, ಹುರಳಿ. ಕೆರೆ ಕೆಳಗೆ ಒಂದಿಷ್ಟು ಭತ್ತ. ಬೋರ್ಡಿನೋರು ಬಂದು ನೋಟೀಸು ಕೊಟ್ಟ ಮೇಲೆ ಎಲ್ಲಾ ನಂಬರ್ ಆಯ್ತು ಸ್ವಾಮಿ" ಎಂದರು. ಬೋರ್ಡ್ ಎಂದರೆ ಕೈಗಾರಿಕಾ ಪ್ರದೇಶಾಭಿವೃದ್ಧಿ ಮಂಡಳಿ, ಕೆಐಎಡಿಬಿ. 1966ರ ಕರ್ನಾಟಕ ಕೈಗಾರಿಕಾ ಪ್ರದೇಶಾಭಿವೃದ್ಧಿ ಕಾಯ್ದೆ ಅದಕ್ಕೆ ಜಮೀನು ವಶಪಡಿಸಿಕೊಳ್ಳುವ ಅಧಿಕಾರ ಕೊಟ್ಟಿದೆ: 28(1)ರಲ್ಲಿ ಪ್ರಾಥಮಿಕ ಅಧಿಸೂಚನೆ, 28(4)ರಲ್ಲಿ ಅಂತಿಮ. ಆನೇಕಲ್ ತಾಲ್ಲೂಕಿನ ರೈತರಿಗೆ ಈ ಸಂಖ್ಯೆಗಳು ಬಾಯಿಪಾಠ. ಜಮೀನು ಹೋದವರಲ್ಲಿ ಕೆಲವರು ಪರಿಹಾರದ ದುಡ್ಡಿನಲ್ಲಿ ಉಳಿದ ಗುಂಟೆಗಳಲ್ಲೇ ಸಾಲುಮನೆ ಕಟ್ಟಿದರು. ಒಂದು ಕೋಣೆ, ಒಂದು ಒಲೆಕಟ್ಟೆ, ನಾಲ್ಕು ಮನೆಗೆ ಒಂದು ಬಚ್ಚಲು. ಕಾರ್ಖಾನೆಗೆ ಬಂದವರು ಬಾಡಿಗೆಗೆ ಬಂದರು. ಬೊಮ್ಮಸಂದ್ರದ ಅರ್ಥವ್ಯವಸ್ಥೆಯಲ್ಲಿ ಕಾರ್ಖಾನೆಯ ಜೊತೆಗೆ ಈ ಸಾಲುಮನೆಗಳ ಪಾಲೂ ಇದೆ.

ಇನ್ನು ಆಡಳಿತ. ಕರ್ನಾಟಕ ಪೌರಸಭೆಗಳ ಕಾಯ್ದೆ 1964ರ ಪ್ರಕಾರ ಇಪ್ಪತ್ತು ಸಾವಿರದಿಂದ ಐವತ್ತು ಸಾವಿರ ಜನರಿರುವ ಪಟ್ಟಣಕ್ಕೆ ಪುರಸಭೆ, ಅದಕ್ಕಿಂತ ದೊಡ್ಡದಕ್ಕೆ ನಗರಸಭೆ. ಪಂಚಾಯ್ತಿ ಕಾಲ ಮುಗಿದು ಬೊಮ್ಮಸಂದ್ರ ಪುರಸಭೆಯಾಯಿತು, ಒಂದೇ ರಸ್ತೆಯಲ್ಲಿರುವ ಹೆಬ್ಬಗೋಡಿ ನಗರಸಭೆಯಾಯಿತು, ಚಂದಾಪುರ, ಜಿಗಣಿ, ಅತ್ತಿಬೆಲೆಗಳೂ ಪುರಸಭೆಗಳಾದವು. ಒಂದರ ಗಡಿ ಮುಗಿದು ಇನ್ನೊಂದು ಶುರುವಾಗುವುದು ರಸ್ತೆಯಲ್ಲಿ ನಡೆಯುವವನಿಗೆ ಗೊತ್ತಾಗುವುದೇ ಇಲ್ಲ. ಪುರಸಭೆಯೊಂದೇ ಆಳುವುದಾಗಿದ್ದರೆ ಸರಳವಿತ್ತು. ಕೈಗಾರಿಕಾ ನಿವೇಶನ ಹಂಚುವುದು ಕೆಐಎಡಿಬಿ, ಬಡಾವಣೆಗೆ ನಕ್ಷೆ ಒಪ್ಪುವುದು ಆನೇಕಲ್ ಯೋಜನಾ ಪ್ರಾಧಿಕಾರ, ಹೆದ್ದಾರಿ ಕೇಂದ್ರದ್ದು, ಕಾರ್ಖಾನೆಯ ಕೊಳಚೆ ನೋಡಬೇಕಾದದ್ದು ಮಾಲಿನ್ಯ ನಿಯಂತ್ರಣ ಮಂಡಳಿ. 1986ರಲ್ಲಿ ಜಿಲ್ಲೆ ಇಬ್ಭಾಗವಾದಾಗಿನಿಂದ ಈ ತಾಲ್ಲೂಕು ಬೆಂಗಳೂರು ನಗರ ಜಿಲ್ಲೆಯಲ್ಲಿದೆ. ಲೋಕಸಭೆಗೆ ಮಾತ್ರ ಬೆಂಗಳೂರು ಗ್ರಾಮಾಂತರ ಕ್ಷೇತ್ರ. 2025ರ ಸೆಪ್ಟೆಂಬರಿನಲ್ಲಿ ಗ್ರೇಟರ್ ಬೆಂಗಳೂರು ಪ್ರಾಧಿಕಾರದಡಿ ಹಳೆಯ ಬಿಬಿಎಂಪಿ ವ್ಯಾಪ್ತಿಯಲ್ಲಿ ಐದು ಪಾಲಿಕೆಗಳಾದಾಗ ಬೊಮ್ಮಸಂದ್ರ ಅದರ ಹೊರಗೇ ಉಳಿಯಿತು. ಮೆಟ್ರೊ ಬಂತು, ಪಾಲಿಕೆ ಬರಲಿಲ್ಲ.

ಸ್ಕಾಟ್ಲೆಂಡಿನಲ್ಲಿ ಇಂಥದೇ ಒಂದು ಊರಿದೆ, ಲಿವಿಂಗ್‌ಸ್ಟನ್. ಎಡಿನ್‌ಬರೊ ಮತ್ತು ಗ್ಲಾಸ್ಗೊ ನಡುವೆ 1962ರಲ್ಲಿ ಹೊಸ ನಗರವೆಂದು ಘೋಷಿಸಿ, ಅಭಿವೃದ್ಧಿ ನಿಗಮವೊಂದರ ಕೈಗೆ ಕೊಟ್ಟು, ಎಲೆಕ್ಟ್ರಾನಿಕ್ಸ್ ಕಾರ್ಖಾನೆಗಳನ್ನು ಕರೆಸಿ ಕಟ್ಟಿದರು. ಊರು ಬೆಳೆದು ನಿಂತ ಮೇಲೆ 1990ರ ದಶಕದಲ್ಲಿ ಆ ನಿಗಮವನ್ನು ಮುಚ್ಚಿದರು. 1996ರಲ್ಲಿ ಇಡೀ ಸ್ಕಾಟ್ಲೆಂಡನ್ನು 32 ಕೌನ್ಸಿಲ್‌ಗಳಾಗಿ ವಿಂಗಡಿಸಿದ್ದರು. ಲಿವಿಂಗ್‌ಸ್ಟನ್ ಅದರಲ್ಲೊಂದಾದ ವೆಸ್ಟ್ ಲೋಥಿಯನ್ ಕೌನ್ಸಿಲ್‌ನ ಕೇಂದ್ರ. ಶಾಲೆ, ಊರ ರಸ್ತೆ, ಕಸ, ನಕ್ಷೆ ಮಂಜೂರಾತಿ, ವೃದ್ಧರ ಆರೈಕೆ ಎಲ್ಲ ಆ ಒಂದೇ ಚುನಾಯಿತ ಸಭೆಯ ಹೊಣೆ. ಕಟ್ಟುವ ಕೆಲಸ ನಿಗಮಕ್ಕೆ, ಕಟ್ಟಿ ಮುಗಿದ ಊರನ್ನು ಆಳುವ ಹಕ್ಕು ಜನರಿಗೆ ಎಂಬುದು ಅಲ್ಲಿನ ಕ್ರಮ. ನಮ್ಮಲ್ಲಿ ಮೊದಲ ಅರ್ಧವಷ್ಟೇ ಆಗಿದೆ.

ಹೊಣೆ ಹಂಚಿಹೋದರೆ ಏನಾಗುತ್ತದೆಂದು ತಿಳಿಯಲು ಕೆರೆಯ ಬಳಿಗೆ ಹೋಗಬೇಕು. ಆಟೊ ಹಿಡಿದು ಚಂದಾಪುರಕ್ಕೆ ಹೋದೆ. ಈ ಸೀಮೆಗೆ ಹೊಳೆಯಿಲ್ಲ. ಇರುವುದು ಕೆರೆಗಳ ಸರಪಳಿ. ಒಂದು ತುಂಬಿ ಕೋಡಿ ಹರಿದರೆ ರಾಜಕಾಲುವೆಯಲ್ಲಿ ಮುಂದಿನದಕ್ಕೆ ನೀರು, ಕೊನೆಗೆ ದಕ್ಷಿಣ ಪಿನಾಕಿನಿಗೆ. ಆದ್ದರಿಂದ ಮೇಲಿನ ಊರು ಬಿಟ್ಟ ಕೊಳಕನ್ನು ಕೆಳಗಿನ ಊರು ಉಣ್ಣಬೇಕು. ಚಂದಾಪುರ ಕೆರೆಯ ಪ್ರಕರಣವನ್ನು ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ಪತ್ರಿಕಾ ವರದಿ ನೋಡಿ ತಾನೇ ಕೈಗೆತ್ತಿಕೊಂಡಿತು. ಕೆರೆಯನ್ನು ಕಾಪಾಡಲಿಲ್ಲವೆಂದು 2022ರ ಅಕ್ಟೋಬರಿನಲ್ಲಿ ರಾಜ್ಯ ಸರ್ಕಾರಕ್ಕೆ 500 ಕೋಟಿ ರೂಪಾಯಿ ಪರಿಹಾರ ಮೊತ್ತ ಕಟ್ಟಲು ಹೇಳಿತು. ಒಂದು ಪಟ್ಟಣದ ಕೆರೆಗೆ ಐನೂರು ಕೋಟಿ! ಏರಿಯ ಮೇಲೆ ನಿಂತಾಗ ಮೂಗಿಗೆ ಬಡಿದ ವಾಸನೆಯಲ್ಲಿ ಚರಂಡಿಯೂ ಇತ್ತು, ರಾಸಾಯನಿಕವೂ ಇತ್ತು. ನೀರಿನ ಅಂಚಿನಲ್ಲಿ ಬೂದುಬಣ್ಣದ ಕೆನೆ. ಒಂದು ಬೆಳ್ಳಕ್ಕಿ ಕೆಸರಿಗಿಳಿಯದೆ ಕಲ್ಲಿನ ಮೇಲೇ ನಿಂತಿತ್ತು. ಆನೇಕಲ್ ಅಂತರ್ಜಲ ಅತಿಯಾಗಿ ಬಳಕೆಯಾದ ತಾಲ್ಲೂಕು. ಕೊಳವೆಬಾವಿ, ಟ್ಯಾಂಕರುಗಳೇ ಇಲ್ಲಿನ ಬಹುಪಾಲು ಮನೆಗಳಿಗೆ ಗತಿ. ಇರುವ ಕೆರೆಯನ್ನು ಹೀಗೆ ಕೆಡಿಸಿಕೊಂಡು ಕುಡಿಯುವ ನೀರನ್ನು ಲಾರಿಯಲ್ಲಿ ತರಿಸುವುದು ಅನ್ಯಾಯ.

ಸರಿಪಡಿಸಲು ಆಗುವುದಿಲ್ಲವೆಂದಲ್ಲ. ಬೊಮ್ಮಸಂದ್ರಕ್ಕೆ ಅಷ್ಟೇನೂ ದೂರವಿಲ್ಲದ ಕ್ಯಾಲಸನಹಳ್ಳಿಯಲ್ಲಿ 36 ಎಕರೆ ಕೆರೆ ಬತ್ತಿ ಮೈದಾನವಾಗಿತ್ತು. 2017ರಲ್ಲಿ, ಸನ್ಸೇರಾ ಇಂಜಿನಿಯರಿಂಗ್‌ನಲ್ಲಿದ್ದ ಕೊಪ್ಪಳ ಜಿಲ್ಲೆಯ ಆನಂದ ಮಲ್ಲಿಗವಾಡ ಎಂಬ ಇಂಜಿನಿಯರ್ ಕಂಪನಿಯ ಹಣ, ಹಳ್ಳಿಯವರ ಸಹಕಾರ ಎರಡನ್ನೂ ಕೂಡಿಸಿ 45 ದಿನದಲ್ಲಿ ಹೂಳೆತ್ತಿಸಿದರು. ಆ ಮಳೆಗಾಲದಲ್ಲೇ ನೀರು ನಿಂತಿತು. ತೆಗೆದ ಮಣ್ಣಿನಲ್ಲೇ ಕೆರೆಯೊಳಗೆ ಹಕ್ಕಿಗಳಿಗೆ ದ್ವೀಪಗಳಾದವು. ಆಮೇಲೆ ಅವರು ನೌಕರಿ ಬಿಟ್ಟು ಕೆರೆಗಳಿಗೇ ನಿಂತರು.

ಮರಳಿ ಬರುವಾಗ ನಾರಾಯಣ ಹೃದಯಾಲಯದ ಮುಂದೆ ಇಳಿದೆ. ವೈದ್ಯ ದೇವಿ ಶೆಟ್ಟಿಯವರು ಈ ಶತಮಾನದ ಆರಂಭದಲ್ಲಿ ಕಟ್ಟಿದ ಆಸ್ಪತ್ರೆ. ಸಹಕಾರ ಸಂಘಗಳ ರೈತರಿಗೆ ಶಸ್ತ್ರಚಿಕಿತ್ಸೆ ಕೈಗೆಟುಕುವಂತೆ ಮಾಡಿದ ಯಶಸ್ವಿನಿ ಯೋಜನೆಯ ಹಿಂದಿನ ಯೋಚನೆ ಅವರದೇ. ಸುತ್ತಲ ಲಾಡ್ಜು, ಔಷಧದಂಗಡಿ, ಹೋಟೆಲುಗಳ ಫಲಕಗಳಲ್ಲಿ ಕನ್ನಡದ ಕೆಳಗೆ ಬಂಗಾಳಿ ಅಕ್ಷರ. ಪೂರ್ವ ಭಾರತದಿಂದ, ಬಾಂಗ್ಲಾದೇಶದಿಂದ ಬಂದವರು ಹಾಳೆಯ ಚೀಲದಲ್ಲಿ ಎಕ್ಸ್‌ರೇ ಹಿಡಿದು ರಸ್ತೆ ದಾಟಲು ಕಾಯುತ್ತಿದ್ದರು.

ಕೊನೆಗೆ ಪುರಸಭೆ ಕಚೇರಿ. ಇ-ಖಾತೆಗೆ ಬಂದವರ ಸಾಲು ಇತ್ತು. ಜಮೀನು, ಸೈಟು ಇದ್ದವರ ಸಾಲು ಅದು. ಚಿತ್ರಾನ್ನದ ಗಾಡಿಯವರು, ಶಿಫ್ಟಿನ ಹುಡುಗರು ಅಲ್ಲಿ ಇರಲಿಲ್ಲ. ಖಾತೆಯಿಲ್ಲದಿದ್ದರೂ ಅವರೂ ಈ ಊರಿನವರೇ. ಕಾನೂನು ಅವರನ್ನು ಹೊರಗಿಟ್ಟಿಲ್ಲ: ಬಾಡಿಗೆ ಮನೆಯೇ ಆದರೂ ವಾಸವಿರುವ ವಿಳಾಸಕ್ಕೆ ನಮೂನೆ 8 ತುಂಬಿ ಹೆಸರು ವರ್ಗಾಯಿಸಿಕೊಳ್ಳಬಹುದು, ಮೊದಲ ಸಲ ಸೇರುವವರು ನಮೂನೆ 6 ತುಂಬಬಹುದು. ಬೊಮ್ಮಸಂದ್ರ, ಹೆಬ್ಬಗೋಡಿ, ಜಿಗಣಿಗಳ ಕಾರ್ಖಾನೆಗಳಲ್ಲಿ ದುಡಿಯುತ್ತ ಈ ಲೇಖನ ಓದುತ್ತಿರುವವರಿದ್ದರೆ, ನೀವು ನೀರು ಕುಡಿಯುವ ಊರಿನ ಪಟ್ಟಿಗೆ ನಿಮ್ಮ ಹೆಸರು ಸೇರಿಸಿಕೊಳ್ಳಿ. ಪಕ್ಕದ ಶೆಡ್ಡಿನವರ ಅರ್ಜಿಯನ್ನೂ ತುಂಬಿಕೊಡಿ.